ಒಂದು ಹಿಂಡಿಗೆ ಒಂದೇ ಪಟ್ಟದ ಆವು



ಈ ಅಂಕಣಕ್ಕೆ ಒಂದು ಪ್ರಶ್ನೆ ಮೇಲಿಂದ ಮೇಲೆ ಬರುತ್ತಿದೆ. ಬೋಡಿನಾಯಕನೂರಿನ ಏಲಕ್ಕಿ ವ್ಯಾಪಾರದ ಮನೆಯವರೊಬ್ಬರು ಕೇಳಿದ್ದಾರೆ. ಚಿನ್ನಾಳಪಟ್ಟಿಯ ನೇಕಾರ ಕುಟುಂಬದ ಯುವಕನೊಬ್ಬ ಕೇಳಿದ್ದಾನೆ. ದಿಂಡಿಗಲ್ಲಿನಲ್ಲಿ ಲೆಕ್ಕಪತ್ರದ ಕೆಲಸ ಮಾಡುವ ಸೋದರಿಯೊಬ್ಬರೂ ಕೇಳಿದ್ದಾರೆ. ಎಲ್ಲರ ಪ್ರಶ್ನೆಯ ತಿರುಳು ಒಂದೇ: “ನಮ್ಮ ಗಣಕಯಂತ್ರದಲ್ಲಿ ಹಳೆಯ ಡೇಟಾಬೇಸ್ ತಂತ್ರಾಂಶವಿದೆ. ಈಗ ಅದರ ಹೊಸ ಆವೃತ್ತಿಯನ್ನು ಹಾಕಬೇಕಾಗಿದೆ. ಹಳೆಯದನ್ನು ತೆಗೆಯುವಂತಿಲ್ಲ. ಎರಡೂ ಒಂದೇ ಯಂತ್ರದಲ್ಲಿ ಜಗಳವಿಲ್ಲದೆ ಇರಬಲ್ಲವೇ?”

ಇರಬಲ್ಲವು. ಆದರೆ ಈ ಉತ್ತರವನ್ನು ಇಷ್ಟಕ್ಕೇ ನಿಲ್ಲಿಸಿದರೆ ಏನಾಗುತ್ತದೆಂಬುದನ್ನು ನಾನು ಸ್ವಂತ ಅನುಭವದಿಂದ ಬಲ್ಲೆ. ಒಮ್ಮೆ ದೂರವಾಣಿಯಲ್ಲಿ “ಎರಡೂ ಇರಲಿ, ಏನೂ ಆಗದು” ಎಂದು ಹಗುರವಾಗಿ ಹೇಳಿಬಿಟ್ಟೆ. ಅದರ ಫಲವನ್ನು ಅನುಭವಿಸಿದವಳು ಗಣಕಯಂತ್ರವನ್ನು ಮುಟ್ಟಿಯೂ ನೋಡದ ಒಬ್ಬ ಹೆಣ್ಣುಮಗಳು. ಆ ಪ್ರಸಂಗವನ್ನು ಹೇಳಿಯೇ ವಿಷಯಕ್ಕೆ ಬರುತ್ತೇನೆ.

ಕಂಬಂನಲ್ಲಿರುವ ನನ್ನ ಅಕ್ಕನ ಮಗನ ಮನೆಯಲ್ಲಿ ನಮ್ಮವರ ಮನೆತನಗಳ ಪಟ್ಟಿಯೊಂದಿದೆ. ಕಂಬಂ, ಉತ್ತಮಪಾಳಯಂ, ಚಿನ್ನಮನೂರು, ಬೋಡಿ, ತೇನಿಗಳಿಂದ ದಿಂಡಿಗಲ್ಲಿನವರೆಗೆ ಹರಡಿರುವ ಮನೆಗಳ ಯಜಮಾನರು, ಮಕ್ಕಳು, ಹೆಣ್ಣು ತಂದ ಊರು, ಹೆಣ್ಣು ಕೊಟ್ಟ ಊರು, ಎಲ್ಲಕ್ಕಿಂತ ಮುಖ್ಯವಾಗಿ ಮನೆಮನೆಯ ಬೆಡಗು, ಎಲ್ಲವೂ ಅದರಲ್ಲಿದೆ. ಒಂದೇ ಬೆಡಗಿನವರು ಅಣ್ಣತಂಗಿಯರ ಸಮಾನ. ಅವರೊಳಗೆ ಕೊಡುಕೊಳೆ ಇಲ್ಲ. ಆದುದರಿಂದ ಸಂಬಂಧ ಕುದುರುವ ಮೊದಲು ಹಿರಿಯರು ಕೇಳುವ ಮೊದಲನೆಯ ಮಾತೇ “ಪಟ್ಟಿಯಲ್ಲಿ ನೋಡಿದಿರಾ?” ಎಂಬುದು. ಈ ಪಟ್ಟಿಯನ್ನು 2003ರಲ್ಲಿ ನಿವೃತ್ತ ಉಪಾಧ್ಯಾಯರೊಬ್ಬರು ಮೈಕ್ರೋಸಾಫ್ಟ್ ಆಕ್ಸೆಸ್ 97 ಎಂಬ ತಂತ್ರಾಂಶದಲ್ಲಿ, ನುಡಿ ಅಕ್ಷರಶೈಲಿಯಲ್ಲಿ ಕೂಡಿಸಿಕೊಟ್ಟರು. ಅವರ ಕಾಲಾನಂತರ ನನ್ನ ಅಳಿಯನೂ ಅವನ ಹೆಂಡತಿಯೂ ಅದನ್ನು ಶ್ರದ್ಧೆಯಿಂದ ಮುಂದುವರಿಸಿದರು.

2012ರಲ್ಲಿ ಅಳಿಯನು ತನ್ನ ವ್ಯಾಪಾರದ ಲೆಕ್ಕಕ್ಕಾಗಿ ಅದೇ ಯಂತ್ರದಲ್ಲಿ ಆಕ್ಸೆಸ್ 2010 ಹಾಕಿಸಿದ. ಅಂದು ಸಂಜೆ ಅವನು ಕರೆ ಮಾಡಿದ.

“ಮಾವ, ಮನೆಪಟ್ಟಿಯನ್ನು ತೆರೆದರೆ ಹೊಸದು ತಾನಾಗಿ ಬರುತ್ತಿದೆ. ಇದು ಹಳೆಯ ಕಾಲದ ಕಡತ, ಹೊಸ ರೂಪಕ್ಕೆ ತರಲೇ ಎಂದು ಕೇಳುತ್ತಿದೆ. ಏನು ಮಾಡಲಿ?”

“ಹೂಂ ಎನ್ನು. ಹಳೆಯದೂ ಇರಲಿ, ಹೊಸದೂ ಇರಲಿ. ಏನೂ ಆಗದು” ಎಂದೆ.

ಅಲ್ಲಿಂದ ಏಳು ವರ್ಷ ನಿಜವಾಗಿಯೂ ಏನೂ ಆಗಲಿಲ್ಲವೆಂದೇ ಎಲ್ಲರೂ ತಿಳಿದಿದ್ದೆವು. ನಡೆದದ್ದೇ ಬೇರೆ. ಅಳಿಯನು ಕಡತದ ಮೇಲೆ ಎರಡು ಸಲ ಒತ್ತಿ ತೆರೆಯುವವನು. ಅವನಿಗೆ ಹೊಸ ತಂತ್ರಾಂಶದಲ್ಲಿ ಹೊಸ ಪ್ರತಿ ತೆರೆಯುತ್ತಿತ್ತು. ಅವನ ಹೆಂಡತಿ ಪರದೆಯ ಮೇಲಿದ್ದ ಹಳೆಯ ಆಕ್ಸೆಸ್ ಚಿತ್ರವನ್ನು ಒತ್ತಿ, ಅದರೊಳಗಿಂದ ಪಟ್ಟಿಯನ್ನು ತೆರೆಯುವ ರೂಢಿಯವಳು. ಅವಳಿಗೆ ಹಳೆಯ ಪ್ರತಿ ತೆರೆಯುತ್ತಿತ್ತು. ಒಂದೇ ಮೇಜು, ಒಂದೇ ಯಂತ್ರ, ಒಂದೇ ಹೆಸರಿನ ಪಟ್ಟಿ. ಗಂಡ ಒಂದರಲ್ಲಿ ಬರೆದ, ಹೆಂಡತಿ ಇನ್ನೊಂದರಲ್ಲಿ ಬರೆದಳು. ಇಬ್ಬರಲ್ಲಿಯೂ ತಪ್ಪಿಲ್ಲ, ಸೋಮಾರಿತನವಿಲ್ಲ.

2019ರಲ್ಲಿ ಉತ್ತಮಪಾಳಯಂನ ಹುಡುಗಿಗೂ ಬೋಡಿಯ ಹುಡುಗನಿಗೂ ಸಂಬಂಧದ ಮಾತು ಬಂತು. ಹಿರಿಯರು ಪಟ್ಟಿಯನ್ನು ನೋಡಲು ಹೇಳಿದರು. ಅಳಿಯ ನೋಡಿದ, ಇಬ್ಬರದೂ ಒಂದೇ ಬೆಡಗೆಂದು ಕಂಡಿತು. ಹಾಗೆಂದೇ ಹೇಳಿಕಳುಹಿಸಿದ. ಮಾತು ಅಲ್ಲಿಗೇ ಮುರಿಯಿತು. ಇಪ್ಪತ್ತು ದಿನಗಳ ಮೇಲೆ ಹುಡುಗಿಯ ತಂದೆ ಬಂದು ಅಂಗಳದಲ್ಲಿಯೇ ನಿಂತು ಹೇಳಿದರು: “ಮೂರು ವರ್ಷದ ಹಿಂದೆ ನಾನೇ ಇಲ್ಲಿಗೆ ಬಂದು, ನಮ್ಮ ಬೆಡಗನ್ನು ತಪ್ಪಾಗಿ ಬರೆದಿದ್ದಾರೆಂದು ತಿದ್ದಿಸಿ ಹೋಗಿದ್ದೇನೆ. ನಿಮ್ಮ ಮನೆಯ ಹೆಣ್ಣುಮಗಳೇ ತಿದ್ದಿದರು.” ಅವಳು ಒಳಗಿನಿಂದ ಬಂದು, ತಿದ್ದಿದ್ದು ನಿಜವೆಂದಳು. ಯಂತ್ರವನ್ನು ತೆರೆದರು. ಹಳೆಯ ಪ್ರತಿಯಲ್ಲಿ ಒಂದು ಬೆಡಗು. ಹೊಸ ಪ್ರತಿಯಲ್ಲಿ ಇನ್ನೊಂದು. ಅಷ್ಟು ಹೊತ್ತಿಗೆ ಬೋಡಿಯವರು ಬೇರೆ ಕಡೆ ಒಪ್ಪಂದದ ವೀಳ್ಯ ಬದಲಾಯಿಸಿ ಆಗಿತ್ತು.

ಮರುದಿನವೇ ನಾನು ದಿಂಡಿಗಲ್ಲಿನಿಂದ ಬಸ್ಸು ಹತ್ತಿದೆ. ವತ್ತಲಗುಂಡು, ಪೆರಿಯಕುಳಂ, ತೇನಿ ದಾಟಿ ಕಂಬಂ ಸೇರುವವರೆಗೆ ನನ್ನ ಮನಸ್ಸಿನಲ್ಲಿದ್ದದ್ದು ಆ ಒಂದು ಮಾತು: “ಎರಡೂ ಇರಲಿ.”

ಈಗ ವಿಷಯಕ್ಕೆ ಬರೋಣ.

ಡೇಟಾಬೇಸ್ ಎಂಬುದನ್ನು ಕನ್ನಡದಲ್ಲಿ ದತ್ತಸಂಚಯವೆನ್ನುತ್ತಾರೆ. ಮಾಹಿತಿಯನ್ನು ಸಾಲು ಸಾಲಾಗಿ, ಕಲಮು ಕಲಮಾಗಿ ಇರಿಸಿ, ಬೇಕಾದಾಗ ಹುಡುಕಿ ಕೊಡುವ ವ್ಯವಸ್ಥೆ ಇದು. ಇಂದು ಲೋಕದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವ ಕೋಷ್ಟಕರೂಪದ ಪದ್ಧತಿಗೆ 1970ರಲ್ಲಿ ಎಡ್ಗರ್ ಕಾಡ್ ಎಂಬ ವಿದ್ವಾಂಸರು ತಳಹದಿ ಹಾಕಿದರು. ಇಲ್ಲಿ ನಾವು ಬೇರೆಬೇರೆಯಾಗಿ ಕಾಣಬೇಕಾದ ವಸ್ತುಗಳು ಎರಡು. ಒಂದು ತಂತ್ರಾಂಶ, ಎಂದರೆ ಕಣಜದ ಬೀಗದಕೈ. ಇನ್ನೊಂದು ದತ್ತಾಂಶ, ಎಂದರೆ ಕಣಜದೊಳಗಿನ ಧಾನ್ಯ. ಬೀಗದಕೈ ಕಳೆದರೆ ಇನ್ನೊಂದನ್ನು ಮಾಡಿಸಬಹುದು. ಧಾನ್ಯ ಹೋದರೆ ಹೋಯಿತು.

ಆವೃತ್ತಿಗಳೊಳಗೆ ಜಗಳ ಹುಟ್ಟುವುದು ಮೂರು ಕಡೆ.

ಮೊದಲನೆಯದು ಬಾಗಿಲಿನ ಜಗಳ. ದೊಡ್ಡ ದತ್ತಸಂಚಯ ತಂತ್ರಾಂಶಗಳು ಯಂತ್ರದೊಳಗೆ ಒಂದು ಸಂಖ್ಯೆಯ ಬಾಗಿಲಲ್ಲಿ ಕುಳಿತು ಬರುವವರಿಗೆ ಉತ್ತರ ಕೊಡುತ್ತವೆ. ಈ ಬಾಗಿಲಿಗೆ ಪೋರ್ಟ್ ಎಂದು ಹೆಸರು. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನದು 5432, ಮೈಎಸ್‌ಕ್ಯೂಎಲ್‌ನದು 3306, ಎಸ್‌ಕ್ಯೂಎಲ್ ಸರ್ವರ್‌ನದು 1433. ಹಳೆಯ ಆವೃತ್ತಿ ಕುಳಿತಿರುವ ಬಾಗಿಲಿನಲ್ಲಿಯೇ ಹೊಸದೂ ಕುಳಿತುಕೊಳ್ಳಲು ಹೋದರೆ ಅದು ಏಳುವುದೇ ಇಲ್ಲ. ಪರಿಹಾರ ಸುಲಭ: ಎರಡನೆಯದಕ್ಕೆ 5433 ಎಂಬಂತೆ ಬೇರೆ ಸಂಖ್ಯೆಯನ್ನು ಕೊಡಬೇಕು. 1895ರಿಂದ ಪೆರಿಯಾರ್ ನೀರು ಸುರಂಗದ ಮೂಲಕ ನಮ್ಮ ಕಣಿವೆಗೆ ಇಳಿಯುತ್ತಿದೆ. ನೀರು ಒಂದೇ ಆದರೂ ಕಾಲುವೆಗಳು ಬೇರೆ, ಅವುಗಳ ತೂಬುಗಳು ಬೇರೆ. ಇದೂ ಹಾಗೆಯೇ. ಒಂದೇ ಯಂತ್ರದಲ್ಲಿ ಹಲವು ಎಸ್‌ಕ್ಯೂಎಲ್ ಸರ್ವರ್‌ಗಳನ್ನು ಬೇರೆಬೇರೆ ಹೆಸರಿನಿಂದ ಇರಿಸುವ ಅನುಕೂಲವನ್ನು ಆ ತಂತ್ರಾಂಶದ 2000ದ ಆವೃತ್ತಿಯಿಂದಲೇ ಮಾಡಿಕೊಟ್ಟಿದ್ದಾರೆ.

ಎರಡನೆಯದು ಉಗ್ರಾಣದ ಜಗಳ. ಪ್ರತಿಯೊಂದು ಆವೃತ್ತಿಯೂ ದತ್ತಾಂಶವನ್ನು ತನ್ನದೇ ರೀತಿಯಲ್ಲಿ ಅಡಕಿ ಇಡುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್‌ನ ಒಂದು ಪ್ರಮುಖ ಆವೃತ್ತಿಯ ಉಗ್ರಾಣವನ್ನು ಮುಂದಿನ ಪ್ರಮುಖ ಆವೃತ್ತಿಯು ಹಾಗೆಯೇ ತೆರೆಯುವುದಿಲ್ಲ; ಹಳೆಯದರಿಂದ ಹೊರಕ್ಕೆ ತೆಗೆದು ಹೊಸದರಲ್ಲಿ ತುಂಬಬೇಕು, ಇಲ್ಲವೇ ಅದಕ್ಕೆಂದೇ ಇರುವ ಸಾಧನವನ್ನು ಬಳಸಬೇಕು. ಎಸ್‌ಕ್ಯೂಎಲ್ ಸರ್ವರ್ ಬೇರೆ ಸ್ವಭಾವದ್ದು. ಹಳೆಯ ಕಡತವನ್ನು ಹೊಸ ಆವೃತ್ತಿಗೆ ಜೋಡಿಸಿದರೆ ಅದು ತೆರೆದು, ತನ್ನ ರೂಪಕ್ಕೆ ತಿರುಗಿಸಿಬಿಡುತ್ತದೆ. ಅಲ್ಲಿಂದ ಮುಂದೆ ಆ ಕಡತವು ಹಳೆಯದಕ್ಕೆ ಹಿಂತಿರುಗದು. ಇದು ಹೋಗುವ ದಾರಿಯಷ್ಟೆ, ಬರುವ ದಾರಿಯಲ್ಲ. ಆಕ್ಸೆಸ್ 2013 ಮತ್ತು ಅದರ ಮುಂದಿನ ಆವೃತ್ತಿಗಳು ಆಕ್ಸೆಸ್ 97ರ ಕಡತವನ್ನು ತೆರೆಯುವುದೇ ಇಲ್ಲ. 2003 ಅಥವಾ 2010ರಂತಹ ನಡುವಿನ ಆವೃತ್ತಿಯೊಂದರ ಮೂಲಕ ದಾಟಿಸಿಕೊಂಡು ಬರಬೇಕು. ನಡುವಿನ ಮೆಟ್ಟಿಲು ಮನೆಯಲ್ಲಿ ಇರುವಾಗಲೇ ಏರಿಬಿಡುವುದು ಜಾಣತನ.

ಮೂರನೆಯದು ಯಜಮಾನಿಕೆಯ ಜಗಳ. ನಮ್ಮ ಮನೆಪಟ್ಟಿಯನ್ನು ಕೆಡಿಸಿದ್ದು ಇದೇ. ಕಡತದ ಮೇಲೆ ಒತ್ತಿದಾಗ ಯಾವ ತಂತ್ರಾಂಶ ಎದ್ದು ಬರಬೇಕು? ಸಾಮಾನ್ಯವಾಗಿ ಕೊನೆಯಲ್ಲಿ ಸ್ಥಾಪಿತವಾದದ್ದು ಆ ಹಕ್ಕನ್ನು ತನ್ನದಾಗಿಸಿಕೊಳ್ಳುತ್ತದೆ. ಆಕ್ಸೆಸ್ 2003 ಮತ್ತು 2010ರಂತಹ ಎರಡು ಆವೃತ್ತಿಗಳಿದ್ದರೆ, ಒಂದನ್ನು ಬಿಟ್ಟು ಇನ್ನೊಂದನ್ನು ತೆರೆದಾಗಲೆಲ್ಲ “ಸಿದ್ಧಪಡಿಸಲಾಗುತ್ತಿದೆ, ಕಾಯಿರಿ” ಎಂಬ ಅರ್ಥದ ಪೆಟ್ಟಿಗೆ ಕಾಣಿಸಿಕೊಳ್ಳುವುದನ್ನು ಹಲವರು ನೋಡಿರಬಹುದು. ಅದು ಯಜಮಾನಿಕೆ ಕೈಬದಲಾಗುವ ಸದ್ದು. ಆಜ್ಞೆಯನ್ನು ಟೈಪು ಮಾಡಿ ಕೆಲಸ ನಡೆಸುವವರಿಗೆ ಇದೇ ತೊಡಕು ಇನ್ನೊಂದು ರೂಪದಲ್ಲಿ ಬರುತ್ತದೆ. ತಂತ್ರಾಂಶಗಳನ್ನು ಎಲ್ಲೆಲ್ಲಿ ಹುಡುಕಬೇಕೆಂಬ ದಾರಿಪಟ್ಟಿಯೊಂದನ್ನು ಯಂತ್ರವು ಇರಿಸಿಕೊಂಡಿರುತ್ತದೆ. ಆ ಪಟ್ಟಿಯಲ್ಲಿ ಮೊದಲು ಸಿಕ್ಕಿದ ಆವೃತ್ತಿಯೇ ಓಗೊಡುತ್ತದೆ. ನೀವು ಕರೆದದ್ದು ಹೊಸದನ್ನು, ಬಂದದ್ದು ಹಳೆಯದು ಎಂಬಂತಾಗುತ್ತದೆ.

ಇಲ್ಲಿ ನಮ್ಮ ಕಂಬಂನ ಒಂದು ಹಳೆಯ ಸಂಪ್ರದಾಯವನ್ನು ನೆನೆಯಬೇಕು. ನಂದಗೋಪಾಲಸ್ವಾಮಿಯ ಹೆಸರಿನ ತಂಬಿರಾನ್ ಮಾಟ್ಟುತ್ತೊಳು ಎಂಬ ದೇವರ ದನಗಳ ದೊಡ್ಡಿಯನ್ನು ಈ ಕಣಿವೆಯ ಎಲ್ಲರೂ ಬಲ್ಲರು. 1906ರ ಮಧುರೆ ಜಿಲ್ಲಾ ಗೆಜೆಟಿಯರಿನಲ್ಲಿ ಡಬ್ಲ್ಯು. ಫ್ರಾನ್ಸಿಸ್ ಎಂಬ ಅಧಿಕಾರಿ ಕನ್ನಡ ಮಾತನಾಡುವ ಕಪ್ಪಿಲಿಯರ ಈ ಹಿಂಡನ್ನು ವರ್ಣಿಸಿದ್ದಾರೆ. ಹಿಂಡಿನ ನಾಯಕನಿಗೆ ಪಟ್ಟದ ಆವು ಎಂದು ಹೆಸರು. ಅದು ಸತ್ತರೆ ಒಳ್ಳೆಯ ದಿನ ನೋಡಿ ಹಿಂಡನ್ನು ಕೂಡಿಸಿ, ಕರ್ಪೂರ ಬೆಳಗಿ, ಕಬ್ಬಿನ ಕಟ್ಟನ್ನು ಮುಂದಿಡುತ್ತಾರೆ. ಯಾವುದು ಮೊದಲು ಕಬ್ಬಿನ ಬಳಿಗೆ ಬರುತ್ತದೆಯೋ ಅದಕ್ಕೇ ಪಟ್ಟ. ಹಿಂಡಿನಲ್ಲಿ ಎಷ್ಟು ದನಗಳಾದರೂ ಇರಲಿ, ಪಟ್ಟ ಮಾತ್ರ ಒಂದಕ್ಕೇ. ಅದೂ ಎಲ್ಲರ ಕಣ್ಣೆದುರಿನಲ್ಲಿ, ಎಲ್ಲರಿಗೂ ತಿಳಿಯುವಂತೆ.

ನಾನು ಅಳಿಯನಿಗೆ ಹೇಳಬೇಕಾಗಿದ್ದದ್ದು ಇದನ್ನೇ. ತಂತ್ರಾಂಶಗಳು ಎರಡಿರಲಿ, ಆದರೆ ಇಂದಿನಿಂದ ಬರೆಯುವ ಪ್ರತಿ ಯಾವುದು ಎಂಬುದು ಮನೆಯವರೆಲ್ಲರಿಗೂ ಗೊತ್ತಿರಲಿ. ಪಟ್ಟ ಒಂದಕ್ಕೇ ಇರಲಿ.

ಕರ್ನಾಟಕ ಸರಕಾರವು ತನ್ನ ಭೂದಾಖಲೆಗಳ ವಿಷಯದಲ್ಲಿ ಈ ಮಾತನ್ನು ಸರಿಯಾಗಿ ಅರಿತು ನಡೆಯಿತು. ಭೂಮಿ ಎಂಬ ಹೆಸರಿನ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿ ದಾಖಲೆಗಳನ್ನು ಗಣಕಯಂತ್ರಕ್ಕೆ ಏರಿಸಿದರು. ಏರಿಸಿದ ಮೇಲೆ ಕೈಬರಹದ ಪಹಣಿಯೂ ನಡೆಯಲಿ, ಯಂತ್ರದ ಪಹಣಿಯೂ ನಡೆಯಲಿ ಎನ್ನಲಿಲ್ಲ. ಗಣಕೀಕೃತ ಪಹಣಿಗೆ ಮಾತ್ರ ಮಾನ್ಯತೆ ಎಂದು ವಿಧಿಸಿದರು. ಎರಡಕ್ಕೂ ಮಾನ್ಯತೆ ಇದ್ದಿದ್ದರೆ ಒಂದೇ ಹೊಲಕ್ಕೆ ಇಬ್ಬರು ಒಡೆಯರು ಎರಡು ಕಾಗದ ಹಿಡಿದು ನಿಲ್ಲುತ್ತಿದ್ದರು.

ಮನೆಯಲ್ಲಿ ಮಾಡಬೇಕಾದ ಕ್ರಮವನ್ನು ಸರಳವಾಗಿ ಹೇಳುತ್ತೇನೆ.

ಮೊದಲು, ಹೊಸದನ್ನು ಹಾಕುವುದಕ್ಕೆ ಮುಂಚೆ ದತ್ತಾಂಶದ ಕಡತಕ್ಕೆ ಎರಡು ಪ್ರತಿಗಳನ್ನು ತೆಗೆಯಿರಿ. ಒಂದು ಮನೆಯಲ್ಲಿರಲಿ, ಒಂದು ಬೇರೊಂದು ಊರಿನ ನಂಬಿಕೆಯ ಬಂಧುಗಳ ಮನೆಯಲ್ಲಿರಲಿ. ಈ ಪ್ರತಿಗಳನ್ನು ತೆರೆದು ಬರೆಯಕೂಡದು.

ಎರಡನೆಯದಾಗಿ, ಎರಡು ಆವೃತ್ತಿಗಳೂ ಬೇಕಾಗಿದ್ದರೆ ಹಳೆಯದನ್ನು ಮೊದಲು, ಹೊಸದನ್ನು ಆಮೇಲೆ, ಬೇರೆಬೇರೆ ಕೋಶಗಳಲ್ಲಿ ಸ್ಥಾಪಿಸಿ. ಹೊಸದನ್ನು ಹಾಕುವಾಗ “ಹಿಂದಿನ ಆವೃತ್ತಿಯನ್ನು ತೆಗೆಯಲೇ?” ಎಂದು ಕೇಳಿದರೆ ಓದಿ ಉತ್ತರಿಸಿ. 32 ಬಿಟ್ ಮತ್ತು 64 ಬಿಟ್ ಎಂಬ ಭೇದವನ್ನೂ ಗಮನಿಸಿ. ಆಫೀಸ್ ತಂತ್ರಾಂಶದ ಈ ಎರಡು ಬಗೆಗಳು ಸಾಮಾನ್ಯವಾಗಿ ಒಂದೇ ಯಂತ್ರದಲ್ಲಿ ಹೊಂದಿ ಬಾಳುವುದಿಲ್ಲ.

ಮೂರನೆಯದಾಗಿ, ಕಡತದ ಮೇಲೆ ಒತ್ತಿ ತೆರೆಯುವ ರೂಢಿಯನ್ನು ಬಿಡಿ. ಯಾವ ತಂತ್ರಾಂಶದಿಂದ ಯಾವ ಕಡತ ತೆರೆಯಬೇಕೆಂಬುದನ್ನು ಎರಡೂ ಹೆಸರುಗಳ ಸಮೇತ ನಮೂದಿಸಿದ ಕಿರುದಾರಿಯೊಂದನ್ನು ಪರದೆಯ ಮೇಲೆ ಮಾಡಿಡಿ. ಅದರ ಕೆಳಗೆ “ಮನೆಪಟ್ಟಿ – ಇದರಲ್ಲೇ ಬರೆಯಿರಿ” ಎಂದು ಕನ್ನಡದಲ್ಲಿ ಬರೆದಿಡಿ. ಹಳೆಯ ಪ್ರತಿಯ ಹೆಸರಿಗೆ “ನೋಡಲು ಮಾತ್ರ” ಎಂದು ಸೇರಿಸಿ, ತಿದ್ದಲಾಗದಂತೆ ಬಂಧಿಸಿರಿ. ಯಂತ್ರವನ್ನು ಮುಟ್ಟುವ ಪ್ರತಿಯೊಬ್ಬರನ್ನೂ ಎದುರಿಗೆ ಕೂಡಿಸಿಕೊಂಡು ಇದನ್ನು ತೋರಿಸಿ.

ನಾಲ್ಕನೆಯದಾಗಿ, ತೀರ ಹಳೆಯ ತಂತ್ರಾಂಶವು ಇಂದಿನ ಯಂತ್ರದಲ್ಲಿ ನಡೆಯದಿದ್ದರೆ ಯಂತ್ರದೊಳಗೇ ಒಂದು ಕಲ್ಪಿತ ಯಂತ್ರವನ್ನು ಕಟ್ಟಬಹುದು. ಇಂಗ್ಲಿಷಿನಲ್ಲಿ ಇದನ್ನು ವರ್ಚುವಲ್ ಮಷೀನ್ ಎನ್ನುತ್ತಾರೆ. ವರ್ಚುವಲ್‌ಬಾಕ್ಸ್ ಎಂಬ ತಂತ್ರಾಂಶದಿಂದ ಇದು ಸಾಧ್ಯ. ಹಳೆಯ ವಿಂಡೋಸ್, ಹಳೆಯ ಆಕ್ಸೆಸ್, ಹಳೆಯ ಅಕ್ಷರಶೈಲಿ ಎಲ್ಲವೂ ಆ ಪೆಟ್ಟಿಗೆಯೊಳಗೆ ತಮ್ಮ ಪಾಡಿಗೆ ತಾವಿರುತ್ತವೆ. ಹೊರಗಿನ ಹೊಸದಕ್ಕೆ ಅವುಗಳ ಗೊಡವೆಯಿಲ್ಲ.

ಐದನೆಯದು ಕನ್ನಡಿಗರಾದ ನಮಗೆ ವಿಶೇಷವಾದುದು. ನುಡಿ, ಬರಹ ಮೊದಲಾದವುಗಳ ಹಳೆಯ ಅಕ್ಷರಶೈಲಿಗಳಲ್ಲಿ ಕೂಡಿಸಿದ ಕನ್ನಡವು ಯಂತ್ರದ ಪಾಲಿಗೆ ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ಹಾಕಿದಂತೆ. ಆ ಅಕ್ಷರಶೈಲಿ ಇಲ್ಲದ ಯಂತ್ರದಲ್ಲಿ ‘ಕನ್ನಡ’ ಎಂಬ ಮಾತೇ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟು ಹೊತ್ತ ಎ, ಪೌಂಡು ನಾಣ್ಯದ ಗುರುತು ಎಂಬಂತೆ ವಿಚಿತ್ರವಾಗಿ ಕಾಣುತ್ತದೆ. ಇದನ್ನು ನೋಡಿ ದತ್ತಾಂಶ ಕೆಟ್ಟಿತೆಂದು ಅಳಿಸಿಬಿಡಬೇಡಿ. ಅದು ಕೆಟ್ಟಿಲ್ಲ, ವೇಷ ಕಳಚಿದೆಯಷ್ಟೆ. ತಮಿಳಿಗೂ ಇದೇ ಕಷ್ಟವಿತ್ತು. 1999ರಲ್ಲಿ ತಮಿಳುನಾಡು ಸರಕಾರವು ಟ್ಯಾಮ್, ಟ್ಯಾಬ್ ಎಂಬ ಸಂಕೇತಗಳನ್ನು ಅಂಗೀಕರಿಸಿ, 2010ರಲ್ಲಿ ಯೂನಿಕೋಡಿನತ್ತ ತಿರುಗಿತು. ನಮ್ಮ ಮನೆಗಳ ಪಟ್ಟಿಗಳಲ್ಲಿ ಕನ್ನಡವೂ ತಮಿಳೂ ಅಕ್ಕಪಕ್ಕದಲ್ಲಿರುವುದರಿಂದ ಎರಡನ್ನೂ ಯೂನಿಕೋಡಿಗೆ ತಿರುಗಿಸಬೇಕು. ಆಕ್ಸೆಸ್ 97ಕ್ಕೆ ಯೂನಿಕೋಡ್ ತಿಳಿಯದು; ಆಕ್ಸೆಸ್ 2000ದಿಂದ ಈಚಿನವುಗಳಿಗೆ ತಿಳಿಯುತ್ತದೆ. ಆದುದರಿಂದ ಮೊದಲು ಕಡತವನ್ನು ಹೊಸ ಆವೃತ್ತಿಗೆ ದಾಟಿಸಿ, ಆಮೇಲೆ ಅಕ್ಷರಗಳನ್ನು ಪರಿವರ್ತಿಸಿ.

ಕೊನೆಯದಾಗಿ, ದಾಟಿಸಿದ ಮೇಲೆ ಲೆಕ್ಕ ಒಪ್ಪಿಸಿಕೊಳ್ಳಿ. ಹಳೆಯದರಲ್ಲಿ ಎಷ್ಟು ಸಾಲುಗಳಿದ್ದವೋ ಹೊಸದರಲ್ಲಿಯೂ ಅಷ್ಟೇ ಇರಬೇಕು. ಅಲ್ಲೊಂದು ಇಲ್ಲೊಂದು ಹತ್ತು ಮನೆಗಳನ್ನು ಆರಿಸಿ, ಒಬ್ಬರು ಹಳೆಯದನ್ನು ಓದಬೇಕು, ಇನ್ನೊಬ್ಬರು ಹೊಸದನ್ನು ನೋಡುತ್ತಿರಬೇಕು. ಒಂದು ಮುದ್ರಿತ ಪ್ರತಿಯನ್ನು ಪೆಟ್ಟಿಗೆಯಲ್ಲಿಡಬೇಕು.

ಇನ್ನು ನಮ್ಮ ಮನೆಪಟ್ಟಿಯ ಕಥೆ. ಎರಡು ಪ್ರತಿಗಳನ್ನೂ ಮುದ್ರಿಸಿ, ಹಜಾರದಲ್ಲಿ ಹಾಸಿಕೊಂಡು, ನಾನೂ ಅಳಿಯನೂ ಅವನ ಹೆಂಡತಿಯೂ ನಾಲ್ಕು ದಿನ ಕುಳಿತೆವು. ಒಂದರಲ್ಲಿ ಮಾತ್ರ ಇದ್ದ ಮನೆಗಳು ಸಿಕ್ಕಿದವು. ಎರಡರಲ್ಲಿಯೂ ಇದ್ದು ವಿವರ ಬೇರೆಯಾಗಿದ್ದ ಮನೆಗಳು ಸಿಕ್ಕಿದವು. ಎಲ್ಲಕ್ಕಿಂತ ಕಠಿನವಾದದ್ದು ಇನ್ನೊಂದು: ಹೊಸ ಮನೆಗೆ ಸಂಖ್ಯೆಯನ್ನು ಯಂತ್ರವೇ ಕೊಡುತ್ತಿದ್ದುದರಿಂದ, ಎರಡು ಪ್ರತಿಗಳಲ್ಲಿ ಒಂದೇ ಸಂಖ್ಯೆ ಎರಡು ಬೇರೆ ಮನೆಗಳಿಗೆ ಬಿದ್ದಿತ್ತು. ಕೇವಲ ಸಂಖ್ಯೆ ನೋಡಿ ಕೂಡಿಸಿದ್ದರೆ ಒಬ್ಬರ ಮಕ್ಕಳು ಇನ್ನೊಬ್ಬರ ಮಡಿಲಿಗೆ ಹೋಗುತ್ತಿದ್ದರು. ಯಾವುದು ನಿಜವೆಂದು ಯಂತ್ರ ಹೇಳಲಾರದು. ಅಕ್ಕ ಹೇಳಿದಳು. ಎಂಬತ್ತು ದಾಟಿದ ಅವಳು ಗೋಡೆಗೆ ಒರಗಿ ಕುಳಿತು, “ಅವರು ಚಿನ್ನಮನೂರಿನವರು, ಇವರು ತೇವಾರಂನವರು, ಇವರ ಅಜ್ಜಿ ನಮ್ಮ ಮನೆಯಿಂದಲೇ ಹೋದವಳು” ಎಂದು ಒಂದೊಂದಾಗಿ ಬಿಡಿಸಿಕೊಟ್ಟಳು. ಅವಳಿಗೂ ತಿಳಿಯದ ಕಡೆ ಆಯಾ ಮನೆಯವರಿಗೇ ದೂರವಾಣಿ ಮಾಡಿ ಕೇಳಿದೆವು.

ಐದನೆಯ ದಿನ ಉತ್ತಮಪಾಳಯಂಗೆ ಹೋಗಿ ಹುಡುಗಿಯ ತಂದೆಯನ್ನು ಕಂಡು, ತಪ್ಪು ನನ್ನದೆಂದು ಹೇಳಿದೆ. ಅವರು ಕಾಫಿ ಕೊಟ್ಟು ಕಳುಹಿಸಿದರು, ಹೆಚ್ಚು ಮಾತನಾಡಲಿಲ್ಲ. ಆ ಹುಡುಗಿಗೆ ಮರುವರ್ಷ ದಿಂಡಿಗಲ್ಲಿನಲ್ಲಿ ಒಳ್ಳೆಯ ಮನೆತನದಲ್ಲಿ ಮದುವೆಯಾಯಿತು, ಸುಖವಾಗಿದ್ದಾಳೆ. ಆದರೂ ಒಂದು ತಪ್ಪು ಸಾಲಿನ ದೆಸೆಯಿಂದ ಊರಿನಲ್ಲಿ “ಆ ಸಂಬಂಧ ಏಕೆ ಮುರಿಯಿತಂತೆ?” ಎಂಬ ಮಾತನ್ನು ಆ ಮನೆಯವರು ಕೆಲವು ತಿಂಗಳು ಕೇಳಬೇಕಾಯಿತು. ಅದನ್ನು ಯಾವ ತಂತ್ರಾಂಶದಿಂದಲೂ ಅಳಿಸಲಾಗಲಿಲ್ಲ.

ಈಗ ಕಂಬಂನ ಆ ಯಂತ್ರದಲ್ಲಿ ಎರಡು ಆವೃತ್ತಿಗಳೂ ಇವೆ. ಬರೆಯುವ ಪ್ರತಿ ಒಂದೇ. ಯುಗಾದಿಯ ಮರುದಿನ ಅದರ ಮುದ್ರಿತ ಪ್ರತಿಯೊಂದು ದಿಂಡಿಗಲ್ಲಿಗೆ ನನ್ನ ಮನೆಗೆ ಬರುತ್ತದೆ.

ವಾಚಕ ಬಂಧುಗಳಲ್ಲಿ ನನ್ನದೊಂದು ಬಿನ್ನಹ. ಈ ತಿಂಗಳು ಒಂದು ಸಂಜೆ ಬಿಡುವು ಮಾಡಿಕೊಂಡು, ನಿಮ್ಮ ಮನೆಯ ಅಥವಾ ಅಂಗಡಿಯ ಯಂತ್ರವನ್ನು ಬಳಸುವವರೆಲ್ಲರನ್ನೂ ಒಟ್ಟಿಗೆ ಕೂಡಿಸಿರಿ. “ನೀನು ಯಾವುದನ್ನು ತೆರೆದು ಬರೆಯುತ್ತೀ, ತೋರಿಸು” ಎಂದು ಒಬ್ಬೊಬ್ಬರನ್ನಾಗಿ ಕೇಳಿರಿ. ಎಲ್ಲರ ಬೆರಳೂ ಒಂದೇ ಕಡೆ ಹೋದರೆ ಸಂತೋಷ. ಹೋಗದಿದ್ದರೆ, ಮದುವೆಯ ಮಾತು ಬರುವ ಮೊದಲೇ ಸರಿಪಡಿಸಿಕೊಳ್ಳಿರಿ.